ಚೌಕಗಳ ಕಾಲದ ಹಾಜರಿ

2006ರ ಸುಮಾರಿಗೆ ಹೊಸದುರ್ಗದ ಸೈಬರ್ ಕೇಂದ್ರವೊಂದರಲ್ಲಿ ಕನ್ನಡದ ಜಾಲತಾಣವೊಂದನ್ನು ತೆರೆದಾಗ ನನಗೆ ಕಂಡದ್ದು ಅಕ್ಷರಗಳಲ್ಲ, ಸಾಲುಸಾಲು ಚೌಕಗಳು. ಆ ಗಣಕದಲ್ಲಿದ್ದುದು ವಿಂಡೋಸ್ 98. ಯುನಿಕೋಡ್ ಕನ್ನಡವನ್ನು ಮೂಡಿಸುವ ಸೌಲಭ್ಯವೂ ‘ತುಂಗಾ’ ಅಕ್ಷರಶೈಲಿಯೂ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಡನೆ. ಇನ್ನು ಕೆಲವು ತಾಣಗಳು ತಮ್ಮದೇ ಫಾಂಟನ್ನು ಪುಟದ ಜೊತೆಗೇ ಕಳುಹಿಸುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಅದು ಸೊಗಸಾದ ಕನ್ನಡ. 2004ರಲ್ಲಿ ಬಂದ ಫೈರ್‌ಫಾಕ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಲಿಪಿ!

ಯಾರಿಗಾಗಿ ಪುಟವನ್ನು ತಿದ್ದಬೇಕು, ಯಾರನ್ನು ಕೈಬಿಡಬೇಕು? ತಾಣ ನಡೆಸುವವರು ಸಂದರ್ಶಕರ ಲೆಕ್ಕವನ್ನು ನೋಡುತ್ತಿದ್ದರು. ಪುಟವನ್ನು ಕೇಳುವಾಗಲೇ ಬ್ರೌಸರು ತನ್ನ ಹೆಸರು, ಆವೃತ್ತಿಗಳನ್ನು ಹೇಳಿಕೊಳ್ಳುತ್ತದೆ. 2005ರ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಉಚಿತವಾಗಿ ದೊರೆತ ಮೇಲೆ ಸಣ್ಣ ತಾಣಗಳಿಗೂ ಈ ಲೆಕ್ಕ ಶೇಕಡಾವಾರು ಸಿಗತೊಡಗಿತು.

ದಶಕಗಳ ಕಾಲ ಹಾಜರಿ ಪುಸ್ತಕ ಹಿಡಿದ ನನಗೆ ಇಲ್ಲೊಂದು ಸಂಶಯ. ಚೌಕಗಳನ್ನು ಕಂಡು ಹಿಂದಿರುಗಿದವನು ಮತ್ತೆ ಬರುವುದಿಲ್ಲ. ಆದ್ದರಿಂದ ಅವನ ಪಾಲು ಕುಗ್ಗುತ್ತದೆ. ಕುಗ್ಗಿತೆಂಬ ಕಾರಣಕ್ಕೇ ಅವನ ಬ್ರೌಸರನ್ನು ಕೈಬಿಡುತ್ತಾರೆ. ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಹತ್ತು ಮಂದಿ ಸರದಿಯಂತೆ ಒಂದೇ ಗಣಕದ ಮುಂದೆ ಕುಳಿತರೆ, ಕುಕಿಯ ಲೆಕ್ಕದಲ್ಲಿ ಅವರೆಲ್ಲ ಒಬ್ಬನೇ ಸಂದರ್ಶಕ. ಅಮೆರಿಕದಲ್ಲಿ ಸ್ವಂತ ಗಣಕವುಳ್ಳ ಹತ್ತು ಕನ್ನಡಿಗರು ಮಾತ್ರ ಹತ್ತೇ. ನಮ್ಮ ಸೀಮೆಯ ಓದುಗ ಹೀಗೆ ಎರಡು ಬಾರಿ ಕಿರಿದಾದ. ಒಟ್ಟು ಶೇಕಡಾವಾರಿಗಿಂತ, ಯಾವ ಬ್ರೌಸರಿನವರು ಮೊದಲ ಪುಟದಿಂದಲೇ ಹೊರಟುಹೋದರೆಂಬ ಅಂಕಣವನ್ನು ಮೊದಲು ನೋಡಬೇಕಿತ್ತು.

ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಅಂದು ಹೊಸದುರ್ಗದಲ್ಲಿ ನಾನು ಆ ತಾಣದಲ್ಲಿದ್ದದ್ದು ಅರ್ಧ ನಿಮಿಷ. ಯಾರದೋ ಲೆಕ್ಕದಲ್ಲಿ ನಾನೂ ಒಂದು ಅಂಕೆಯಾಗಿ ಬಿದ್ದಿರಬಹುದು.