ಫ್ರೆಂಚ್ ಗೀತನಾಟಕವೂ ಅದರ ಕವಿಗಳೂ

ಸಾಹಿತ್ಯಪ್ರಕಾರಗಳು ರಾಜಾಶ್ರಯದಿಂದ ಬೆಳೆಯುವುವೆಂದು ನಾವು ಪಾಠ ಹೇಳುವುದುಂಟು. ನಿಷೇಧದಿಂದಲೂ ಕೆಲವು ಹುಟ್ಟುತ್ತವೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ‘ಒಪೆರಾ ಕಾಮಿಕ್’ ಇದಕ್ಕೆ ಒಳ್ಳೆಯ ನಿದರ್ಶನ.

ಆಗಿನ ಪ್ಯಾರಿಸ್ಸಿನಲ್ಲಿ ರಂಗದ ಮೇಲೆ ಹಾಡುವ ಹಕ್ಕು ರಾಜಮಾನ್ಯವಾದ ಒಪೆರಾ ಸಂಸ್ಥೆಗೂ, ಸಂಭಾಷಣೆಯ ನಾಟಕವಾಡುವ ಹಕ್ಕು ‘ಕಾಮೆದಿ ಫ್ರಾನ್ಸೇಸ್’ ಮಂಡಲಿಗೂ ಮೀಸಲಾಗಿದ್ದವು. ಜಾತ್ರೆಗಳಲ್ಲಿ ಆಡುತ್ತಿದ್ದ ಬಡನಟರಿಗೆ ಮಾತೂ ಇಲ್ಲ, ಹಾಡೂ ಇಲ್ಲ! ಅವರು ಸುಮ್ಮನಾದರೇ? ೧೭೧೦ರ ಸುಮಾರಿಗೆ ಅವರು ಪದ್ಯಗಳನ್ನು ಫಲಕಗಳ ಮೇಲೆ ಬರೆದು ತೋರಿಸಿದರು. ವಾದ್ಯದವರು ಎಲ್ಲರೂ ಬಲ್ಲ ಮಟ್ಟನ್ನು ನುಡಿಸಿದರು, ನಟರು ಮೂಕಾಭಿನಯ ಮಾಡಿದರು, ಹಾಡಿದವರು ಪ್ರೇಕ್ಷಕರೇ. ನಟನ ಬಾಯಿಗೆ ಬೀಗವಿಕ್ಕಿದ ಶಾಸನವು ಜನರ ನೆನಪಿಗೆ ಬೀಗವಿಕ್ಕಲಾರದಾಯಿತು.

ಮುಂದೆ ಒಪೆರಾ ಸಂಸ್ಥೆಗೆ ಹಣ ತೆತ್ತು ಹಾಡಲು ಅನುಮತಿ ಪಡೆದರು. ೧೭೧೫ರ ಹೊತ್ತಿಗೆ ‘ಒಪೆರಾ ಕಾಮಿಕ್’ ಎಂಬ ಹೆಸರು ರೂಢಿಗೆ ಬಂದಿತು. ಇದು ಬರಿಯ ನಗೆನಾಟಕವೆಂದು ತಿಳಿಯಬಾರದು. ಹಾಡುಗಳ ನಡುವೆ ಮಾತು ಬರುವುದೇ ಇದರ ಲಕ್ಷಣ. ‘ಜೀಲ್ ಬ್ಲಾ’ ಕಾದಂಬರಿಯ ಕರ್ತೃವಾದ ಲಸಾಜ್ ಮತ್ತು ಅವನ ಸಂಗಡಿಗರು ಹಳೆಯ ಮಟ್ಟುಗಳಿಗೆ ಹೊಸ ಪದಗಳನ್ನು ಹೊಸೆದರು. ಮಟ್ಟು ಜನರದಾದುದರಿಂದ ಇಲ್ಲಿ ಕವಿಯೇ ಮುಖ್ಯನು.

೧೭೪೫ರಲ್ಲಿ ಸರ್ಕಾರ ಈ ರಂಗವನ್ನು ಮುಚ್ಚಿಸಿತು. ೧೭೫೨ರಲ್ಲಿ ಅದು ಮತ್ತೆ ತೆರೆಯಿತು. ಮರುವರ್ಷ ವಾದೇ ಕವಿಯ ‘ಲೇ ತ್ರೋಕರ್’ ನಾಟಕಕ್ಕೆ ದೋವೆರ್ನ್ಯ ಹೊಸದಾಗಿಯೇ ಸಂಗೀತ ರಚಿಸಿದನು. ಅದೇ ವರ್ಷ ಜುಸ್ತೀನ್ ಫವಾರ್ ಎಂಬ ನಟಿಯು ಹಳ್ಳಿಗಿತ್ತಿಯ ಪಾತ್ರದಲ್ಲಿ ರೇಷ್ಮೆಯನ್ನು ಬಿಟ್ಟು ಉಣ್ಣೆಯ ಉಡುಪನ್ನೂ ಮರದ ಪಾದರಕ್ಷೆಯನ್ನೂ ತೊಟ್ಟು ಬಂದಳು. ಅವಳ ಪತಿ, ಕವಿ ಫವಾರ್, ಮಿಠಾಯಿಗಾರನ ಮಗನು. ಇನ್ನೊಬ್ಬ ಕವಿ ಸೆದೇನ್ ಕಲ್ಲುಕುಟಿಗನಾಗಿ ದುಡಿದು ಮನೆಯವರನ್ನು ಸಾಕಿದವನು. ೧೭೬೯ರಲ್ಲಿ ಮರಣದಂಡನೆಗೆ ಗುರಿಯಾದ ಸಾಮಾನ್ಯ ಸಿಪಾಯಿಯನ್ನೇ ನಾಯಕನನ್ನಾಗಿಸಿ ಅವನು ‘ಲ ದೆಸೆರ್ತರ್’ ಬರೆದನು, ಸಂಗೀತ ಮೊನ್ಸಿನ್ಯೀಯದು. ೧೭೮೬ರಲ್ಲಿ ಫ್ರೆಂಚ್ ಅಕಾಡೆಮಿಯು ಸೆದೇನನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಜಾತ್ರೆಯ ಪದಗಾರಿಕೆ ಪಂಡಿತರ ಸಭೆಯನ್ನು ಹೊಕ್ಕಿತು.

೧೭೯೧ರ ಜನವರಿಯಲ್ಲಿ ಕ್ರಾಂತಿಯ ಶಾಸನಸಭೆಯು ಯಾವ ನಾಗರಿಕನಾದರೂ ರಂಗಮಂದಿರ ತೆರೆಯಬಹುದೆಂದು ವಿಧಿಸಿತು. ಮೀಸಲು ಹಕ್ಕುಗಳು ಅಳಿದವು. ೧೭೯೨ರಲ್ಲಿ ತೀರಿಕೊಂಡ ಫವಾರ್ ಆ ದಿನವನ್ನು ಕಂಡೇ ಹೋದನು. ಆದರೆ ಆ ಹಕ್ಕನ್ನು ಜಾತ್ರೆಯ ಪ್ರೇಕ್ಷಕರು ಎಂಬತ್ತು ವರ್ಷಗಳ ಹಿಂದೆಯೇ, ಫಲಕವನ್ನು ಓದಿ ಒಕ್ಕೊರಲಿನಿಂದ ಹಾಡಿ, ತಮ್ಮದಾಗಿಸಿಕೊಂಡಿದ್ದರೆಂಬುದನ್ನು ನಾವು ಮರೆಯಲಾಗದು.