ಟೈರ್ ತುಂಡಿನ ಕಪ್ಲಿಂಗು

ಕಾಮಸಮುದ್ರದ ಹತ್ತಿರ ನಮ್ಮೂರ ಮನೆಯ ಅಟ್ಟದ ಮೇಲೆ ಅಂಗೈಯಗಲದ ಎರಡು ಕಬ್ಬಿಣದ ಬಿಲ್ಲೆಗಳಿದ್ದವು. ನಡುವೆ ಲಾರಿ ಟೈರಿನಿಂದ ಕತ್ತರಿಸಿದ ದಪ್ಪ ರಬ್ಬರು. ಮೋಟಾರನ್ನೂ ಪಂಪನ್ನೂ ಜೋಡಿಸೋಕೆ ಚಿಕ್ಕಪ್ಪ ಮಾಡಿಸಿದ್ದ ಕಪ್ಲಿಂಗು ಅದು. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಗುಜರಿಗೆ ಹಾಕಲು ಕೆಳಗಿಳಿಸಿದ್ದರು. ಬೇಡ ಅಂದೆ. ಯಾಕೆ ಬೇಡ ಅಂತ ಹೇಳಬೇಕಾದರೆ ನಮ್ಮ ಸೀಮೆಯ ನೀರಿನ ಕತೆಯನ್ನೇ ಹೇಳಬೇಕು.

ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ, ಬಾವಿ, ಇಷ್ಟೇ. ಬಾವಿಯಿಂದ ನೀರೆತ್ತಲು ಕಪಿಲೆ: ಎತ್ತು, ಹಗ್ಗ, ತೊಗಲಿನ ಚೀಲ. ಪಕ್ಕದ ಕೋಲಾರ ಚಿನ್ನದ ಗಣಿಗೆ ಮಾತ್ರ 1902ರಲ್ಲೇ ಕರೆಂಟು ಬಂತು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಗಣಿಯೊಳಗೆ ಯಂತ್ರಗಳು ಓಡುತ್ತಿದ್ದಾಗ ಸುತ್ತಲಿನ ಹಳ್ಳಿಗಳ ಬಾವಿಯಲ್ಲಿ ಇನ್ನೂ ಎತ್ತುಗಳೇ ಹಿಂದೆ ಮುಂದೆ ನಡೆಯುತ್ತಿದ್ದವು.

ಎತ್ತಿನ ನಂತರ ಬಂದದ್ದು ಡೀಸೆಲ್ ಎಂಜಿನ್ನು. ಅದರ ಚಕ್ರಕ್ಕೂ ಪಂಪಿಗೂ ನಡುವೆ ಬೆಲ್ಟು. ಎಂಜಿನ್ನು ಕೊಂಚ ಓರೆಯಾಗಿ ಕೂತರೂ ಬೆಲ್ಟು ಹೇಗೋ ಸಂಭಾಳಿಸಿಕೊಳ್ಳುತ್ತಿತ್ತು. ಕರೆಂಟು ಹಳ್ಳಿಗೆ ಬಂದಾಗ ಲೆಕ್ಕ ಬದಲಾಯಿತು. ನಮ್ಮ 50 ಸೈಕಲ್ ಕರೆಂಟಿಗೆ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತೆ. ಆ ವೇಗಕ್ಕೇ ತಯಾರಾದ ಪಂಪು ಇದ್ದರೆ ಬೆಲ್ಟು ಯಾಕೆ? ನೇರವಾಗಿ ಶಾಫ್ಟಿಗೆ ಶಾಫ್ಟು ಸೇರಿಸಿದರಾಯಿತು.

ಚಿಕ್ಕಪ್ಪನೂ ಹಾಗೇ ಅಂದುಕೊಂಡಿದ್ದರು. ಹಳೇ ಮೋಟಾರು ಒಂದು ಕಡೆಯಿಂದ, ಹಳೇ ಪಂಪು ಇನ್ನೊಂದು ಕಡೆಯಿಂದ ತಂದರು. ಎರಡರ ಶಾಫ್ಟಿನ ಮೇಲೂ ಒಂದೇ ಕಬ್ಬಿಣದ ಪೈಪು ತೂರಿಸಿ ಬಿಗಿ ಮಾಡಿದರು. ಒಂದು ವಾರ ಓಡಿತು. ಆಮೇಲೆ ಪಂಪಿನ ಬೇರಿಂಗು ಕೈ ಸುಡುವಷ್ಟು ಬಿಸಿಯಾಗಿ, ಕಿರುಚಿ, ಹೋಯಿತು. ಸೊಪ್ಪು ಬಾಡುವ ಬೇಸಿಗೆ. ಬೇರಿಂಗಿನ ದುಡ್ಡಿಗೆ ಚಿಕ್ಕಮ್ಮನ ಓಲೆ ಅಡವು ಹೋಯಿತು.

ಆಗ ಅವರು ರಾಬರ್ಟ್‌ಸನ್‌ಪೇಟೆಯಲ್ಲಿ ಲೇತು ಇಟ್ಟುಕೊಂಡಿದ್ದ, ಗಣಿ ವರ್ಕ್‌ಶಾಪಿನಿಂದ ನಿವೃತ್ತರಾದ ಟರ್ನರ್ ಒಬ್ಬರ ಹತ್ತಿರ ಹೋದರು. ತಮಿಳು ಬೆರೆತ ಕನ್ನಡದಲ್ಲಿ ಅವರು ಹೇಳಿದ್ದನ್ನು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ: "ಏನಪ್ಪಾ, ಎರಡು ಶಾಫ್ಟು ಒಂದೇ ಗೆರೇಲಿ ನಿಲ್ಲೋದೇ ಇಲ್ಲ. ಕೂದಲೆಳೆಯಷ್ಟಾದ್ರೂ ಹೆಚ್ಚುಕಮ್ಮಿ ಇರ್ತದೆ. ನಡುವೆ ಮೆತ್ತಗಿರೋದು ಒಂದು ಇಡು."

ಈ ತಲೆನೋವು ನಮ್ಮೂರಿನದಷ್ಟೇ ಅಲ್ಲ. ಐರ್ಲೆಂಡಿನ ಜಾನ್ ಓಲ್ಡ್‌ಹ್ಯಾಮ್ ಎಂಬ ಎಂಜಿನಿಯರು 1821ರಲ್ಲೇ ಉಗಿಹಡಗಿನ ಚಕ್ರಕ್ಕಾಗಿ, ಗೆರೆ ತಪ್ಪಿದ ಎರಡು ಶಾಫ್ಟುಗಳನ್ನು ಸೇರಿಸುವ ಕಪ್ಲಿಂಗು ಕಂಡುಹಿಡಿದಿದ್ದ. ನಾವು ಸಾಫ್ಟ್‌ವೇರಿನವರು ದಿನವೂ 'ಲೂಸ್ ಕಪ್ಲಿಂಗ್' ಅಂತ ಮಾತಾಡೋದೂ ಇದನ್ನೇ. ನಾನು ಬಿಇ ಓದುವಾಗ ಕೇಳಿದ ಆ ಪದವನ್ನು ಚಿಕ್ಕಪ್ಪ ಎಷ್ಟೋ ಮೊದಲೇ ಬೇರಿಂಗು ಸುಟ್ಟುಕೊಂಡು ಕಲಿತಿದ್ದರು.

ಟರ್ನರ್ ಎರಡು ಬಿಲ್ಲೆ ಕಡೆದರು. ಒಂದಕ್ಕೆ ಮೋಟಾರ್ ಶಾಫ್ಟಿನ ಅಳತೆಯ ತೂತು, ಇನ್ನೊಂದಕ್ಕೆ ಪಂಪಿನದು. ಜಾರದಂತೆ ಎರಡಕ್ಕೂ ಕೀ ಕೂರುವ ಗಾಡಿ. ಟೈರಿನ ಬಿಲ್ಲೆಗೆ ಆರು ತೂತು: ಮೂರು ಬೋಲ್ಟು ಮೋಟಾರಿನ ಕಡೆಗೆ, ಮೂರು ಪಂಪಿನ ಕಡೆಗೆ, ಒಂದು ಬಿಟ್ಟು ಒಂದು. ಕಬ್ಬಿಣಕ್ಕೆ ಕಬ್ಬಿಣ ತಾಗಲ್ಲ, ಎಳೆತವೆಲ್ಲ ರಬ್ಬರಿನ ಮೂಲಕವೇ. ಹಾಗಂತ ಹೇಗೆ ಬೇಕಾದರೂ ಕೂರಿಸುವಂತಿಲ್ಲ. ಬಿಲ್ಲೆಗಳ ಅಂಚಿನ ಮೇಲೆ ಸ್ಟೀಲ್ ಸ್ಕೇಲು ಇಟ್ಟು ನಾಲ್ಕೂ ಕಡೆ ನೋಡಬೇಕು. ತಗ್ಗಿದ್ದರೆ ಮೋಟಾರಿನ ಕಾಲಡಿಗೆ ತಗಡಿನ ಚೂರು. ಓರೆ ಉಳಿದರೆ ಕಪ್ಲಿಂಗಿನ ಕೆಳಗೆ ಕರೀ ರಬ್ಬರ್ ಪುಡಿ ಬೀಳುತ್ತೆ.

ಈ ಸ್ಕೇಲು ಹಿಡಿಯುವ ಕೆಲಸ ನನ್ನದು. ಮೊದಮೊದಲು ಅಪರೂಪಕ್ಕೆ, ಆಮೇಲೆ ಪ್ರತಿ ಬೇಸಿಗೆ. ಯಾಕೆಂದರೆ ಮೇಲೆ ಕೂತ ಪಂಪು ಇಪ್ಪತ್ತು ಇಪ್ಪತ್ತೈದು ಅಡಿಗಿಂತ ಆಳದಿಂದ ನೀರನ್ನು ಸರಿಯಾಗಿ ಹೀರಲಾರದು. ಅದು ಹೀರುವುದು ಗಾಳಿಯ ಒತ್ತಡದ ಬಲದಿಂದ, ಆ ಬಲಕ್ಕೂ ಮಿತಿಯಿದೆ. ನೀರು ಇಳಿದಂತೆ ಬಾವಿಯೊಳಗೆ ಮೆಟ್ಟಿಲು ಕಡಿದು ಮೋಟಾರನ್ನೂ ಪಂಪನ್ನೂ ಇಳಿಸಿದೆವು. ಇಳಿಸಿದಾಗಲೆಲ್ಲ ಮತ್ತೆ ಸ್ಕೇಲು, ಮತ್ತೆ ತಗಡು. ಬಾವಿಯ ಗೋಡೆಯಲ್ಲಿ ಹಳೇ ಫೌಂಡೇಷನ್ನಿನ ಗುರುತುಗಳು ಈಗಲೂ ಇವೆ, ಒಂದರ ಕೆಳಗೊಂದು. ನಮ್ಮೂರಿನ ಅಂತರ್ಜಲದ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ, ಆ ಗೋಡೆ ಬರೆದಿಟ್ಟಿದೆ.

ಕೊನೆಗೆ ಬಾವಿ ಬತ್ತಿತು, ಬೋರ್‌ವೆಲ್ ಬಂತು. ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಗಣಿ ನಿಂತಿತು, ಹೊಲದಲ್ಲಿ ಕೊರೆಯುವುದು ನಿಲ್ಲಲಿಲ್ಲ. ಸಬ್‌ಮರ್ಸಿಬಲ್ ಪಂಪಿಗೂ ಮೋಟಾರಿಗೂ ನಡುವೆ ಇವತ್ತೂ ಪುಟ್ಟ ಕಪ್ಲಿಂಗು ಇದೆ. ಆದರೆ ಅದು ನೂರಾರು ಅಡಿ ಕೆಳಗೆ. ಕೆಟ್ಟರೆ ಪೈಪೆಲ್ಲ ಮೇಲೆತ್ತೋಕೆ ಗಾಡಿಯವರನ್ನು ಕರೆಯಬೇಕು, ಅವರು ಹೇಳಿದ ರೇಟು ಕೊಡಬೇಕು. ಸ್ಕೇಲಿಗೆ ಅಲ್ಲಿ ಕೆಲಸವಿಲ್ಲ.

2021ರ ಮಳೆಗೆ ಕೋಲಾರದ ಕೆರೆಗಳು ಕೋಡಿ ಹರಿದಾಗ ನಮ್ಮ ಬಾವಿಯಲ್ಲೂ ನೀರು ಕಂಡಿತು. ಅಟ್ಟದಲ್ಲಿ ಕಪ್ಲಿಂಗು ಇತ್ತು. ಆದರೆ ಮೋಟಾರನ್ನು ಎಂದೋ ತಾಮ್ರದ ಬೆಲೆಗೆ ಮಾರಿದ್ದೆವು.

ಅದಕ್ಕೇ ಗುಜರಿಗೆ ಬೇಡ ಅಂದೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ರಬ್ಬರಿನ ಬಿರುಕನ್ನು ಉಗುರಿನಿಂದ ಕೆರೆದು, "ಟೈರು ಹೋಗಿದೆ ಕಣೋ, ಕಬ್ಬಿಣ ಚೆನ್ನಾಗಿದೆ" ಅಂತ ಮತ್ತೆ ಅಟ್ಟಕ್ಕೆ ಇಟ್ಟರು.