ಸಾಂಗಲಿಗೆ ಹೋದ ಆಟವೂ ಗದಗಿನ ನಾಟಕವೂ

ಒಂದು ನಾಡಿನ ಆಟವು ಪರನಾಡಿನ ರಂಗವನ್ನೇರಿ, ಅಲ್ಲಿಯ ನುಡಿಯನ್ನು ತೊಟ್ಟು, ಕೆಲಕಾಲದ ಮೇಲೆ ತವರಿಗೆ ಮರಳಿದರೆ ತವರಿನವರೇ ಅದರ ಗುರುತನ್ನು ಹಿಡಿಯಲಾರದೆ ಹೋಗುವುದುಂಟು. ಗದಗಿನ ನಾಟಕ ಮಂಡಳಿಯ ಜನ್ಮವೃತ್ತಾಂತವು ಇಂತಹದೊಂದು ಪ್ರಸಂಗದೊಡನೆ ಹೆಣೆದುಕೊಂಡಿದೆ.

1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳವು ಘಟ್ಟವನ್ನೇರಿ ಸಾಂಗಲಿಗೆ ಹೋಗಿ, ಸಂಸ್ಥಾನಾಧಿಪತಿಗಳಾದ ಚಿಂತಾಮಣರಾವ ಪಟವರ್ಧನರ ಮುಂದೆ ಆಟವಾಡಿತು. ಸಾಂಗಲಿಯು ಮರಾಠಿಗರ ಊರಾದರೂ ಅದರ ಆಳಿಕೆಯು ಕನ್ನಡಿಗರಿಗೆ ದೂರದ್ದಲ್ಲ. ಶಿರಹಟ್ಟಿಯು 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಸಾಂಗಲಿಗೇ ಸೇರಿದ್ದಿತು. ನೆರೆಯ ಲಕ್ಷ್ಮೇಶ್ವರವು ಮಿರಜಿನ ಪಟವರ್ಧನರದು. ಕನ್ನಡದ ಆಟವನ್ನು ಕಂಡ ಅರಸರು, ಮರಾಠಿಯಲ್ಲಿಯೂ ಅಂತಹದೊಂದನ್ನು ರಚಿಸಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. 1843ರಲ್ಲಿ ‘ಸೀತಾಸ್ವಯಂವರ’ವು ರಂಗಕ್ಕೆ ಬಂದಿತು, ಮರಾಠಿ ರಂಗಭೂಮಿಯು ಅಂದಿನಿಂದಲೇ ತನ್ನ ವಯಸ್ಸನ್ನು ಎಣಿಸುತ್ತದೆ.

ಭಾಗವತರ ಆಟದಲ್ಲಿ ಹಿಮ್ಮೇಳದ ಭಾಗವತನು ಪದ ಹಾಡುವನು. ವೇಷಧಾರಿಯು ಅದರ ಅರ್ಥವನ್ನು ಸ್ವಯಂಸ್ಫೂರ್ತಿಯಿಂದ ನುಡಿಯುವನು. ಭಾವೆಯವರ ನಾಟಕದಲ್ಲಿಯೂ ಪದ್ಯಗಳ ಭಾರವೆಲ್ಲ ಸೂತ್ರಧಾರನದು, ಮಾತು ನಟರದು. ಹೀಗೆ ಭಾಷೆಯು ಬದಲಾದರೂ ಕಟ್ಟಡವು ಬದಲಾಗಲಿಲ್ಲ. ಆದರೂ ಭಾವೆಯವರನ್ನು ಕೇವಲ ಅನುಕರಣಕಾರರೆನ್ನುವುದು ನ್ಯಾಯವಲ್ಲ. ಆ ಆಟಕ್ಕೆ ಹೊಸ ಅಚ್ಚುಕಟ್ಟನ್ನಿತ್ತು, 1853ರಲ್ಲಿ ಮುಂಬಯಿಯವರೆಗೂ ಒಯ್ದ ಶ್ರೇಯಸ್ಸು ಅವರದು.

ಮುಂದೆ ಮರಾಠಿ ಮಂಡಳಿಗಳು ಧಾರವಾಡ ಸೀಮೆಯಲ್ಲಿಯೂ ಸಂಚರಿಸಹತ್ತಿದುವು. ಕನ್ನಡಿಗರು ಅವುಗಳಿಗೆ ಮನಸೋತರು. ಸುಧಾರಿಸಿದ ನಾಟಕವೆಂದರೆ ಮರಾಠಿಯದೇ ಎಂಬ ಭಾವನೆಯು ಬೇರೂರಿತು. ಇದಕ್ಕಾಗಿ ಮರುಗಿದವರಲ್ಲಿ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು (1856–1920) ಅಗ್ರಗಣ್ಯರು. ಧನಬಲವಿಲ್ಲದ ಈ ಕನ್ನಡ ಶಾಲಾಮಾಸ್ತರರು 1870ರ ದಶಕದಲ್ಲಿ ಗದಗಿನಲ್ಲಿ ‘ಶ್ರೀ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ’ಯನ್ನು ಸ್ಥಾಪಿಸಿ, ‘ಉಷಾಹರಣ’ವೇ ಮೊದಲಾದ ನಾಟಕಗಳನ್ನು ತಾವೇ ಬರೆದು ಆಡಿಸಿದರು. ಮಂಡಳಿಯ ಹೆಸರಿನಲ್ಲಿಯೇ ಊರಿನ ದೇವರೂ ಊರಿನ ಪ್ರಾಚೀನ ನಾಮವೂ ಕೂಡಿರುವುದು ಅರ್ಥವತ್ತಾಗಿದೆ. ಇದು ನಮ್ಮ ಊರಿನದು, ನಮ್ಮ ನುಡಿಯದು ಎಂಬ ಘೋಷಣೆಯೇ ಅದರಲ್ಲಿದೆ.

ಶಾಂತಕವಿಗಳು ಮರಾಠಿಯನ್ನು ದ್ವೇಷಿಸಿ ಈ ಕಾರ್ಯಕ್ಕೆ ಕೈಹಾಕಲಿಲ್ಲ. ಮರಾಠಿ ಮಂಡಳಿಗಳ ವ್ಯವಸ್ಥೆಯನ್ನು ಕಂಡೇ ಕನ್ನಡಕ್ಕೂ ಅಂತಹುದು ಬೇಕೆಂದು ಬಗೆದರು. ಸಾಂಗಲಿಯ ಅರಸರ ಮನಸ್ಸಿನಲ್ಲಿ ಅಂದು ಕನ್ನಡದ ಆಟವನ್ನು ಕಂಡು ಹುಟ್ಟಿದ ಬಯಕೆಯೂ ಇಂತಹದೇ ಅಲ್ಲವೆ? ಕರ್ಕಿಯವರು ಕೊಟ್ಟ ಸಾಲವು ಮೂರು ದಶಕಗಳ ತರುವಾಯ ಗದಗಿನಲ್ಲಿ ಬಡ್ಡಿಸಹಿತ ಸಂದಿತು. ಕೊಟ್ಟವರೂ ಕೊಂಡವರೂ ಇದನ್ನು ಮರೆಯದಿದ್ದರೆ, ನೆರೆಹೊರೆಯ ಈ ಎರಡು ನುಡಿಗಳಲ್ಲಿ ಯಾವುದು ಹಿರಿದೆಂಬ ಕಲಹಕ್ಕೆ ಎಡೆಯೇ ಇರದು.